ಎಡಗೈ ತಾನೇ ಎಂದವನು

ತಿ. ನರಸೀಪುರದ ಮೂಳೆ ಡಾಕ್ಟರು ಆ ಶನಿವಾರ ನಾವು ಹೊರಡುವಾಗ ಏನು ಹೇಳಿದರು ಎಂಬುದು ನನಗೆ ಖಚಿತವಾಗಿ ನೆನಪಿಲ್ಲ. ‘ಮಂಗಳವಾರ ಬನ್ನಿ, ಪ್ಲಾಸ್ಟರ್ ಹಾಕೋಣ’ ಎಂದರು ಅಂತ ಬಹಳ ದಿನ ನಂಬಿದ್ದೆ. ಕೇಳಿದವರಿಗೆಲ್ಲ ಹಾಗೇ ಹೇಳಿದೆ. ಒಂದು ಮಾತನ್ನು ನಾಲ್ಕಾರು ಸಲ ಹೇಳಿದ ಮೇಲೆ, ನೆನಪಿನಲ್ಲಿರುವುದು ನಡೆದದ್ದೋ ಅಥವಾ ನಾನು ಹೇಳಿಕೊಂಡು ಬಂದದ್ದೋ ತಿಳಿಯುವುದಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು. ಬೇರೆಯವರ ಮಾತಿಗೆಲ್ಲ ಪುರಾವೆ ಕೇಳುವ ಚಟವಿದೆ. ನನ್ನ ಮಾತಿಗೆ ಕೇಳಿಕೊಂಡಿರಲಿಲ್ಲ.

ಅನುಮಾನವಿಲ್ಲದ ಸಂಗತಿಗಳು ಇಷ್ಟು. ನನ್ನ ಸೋದರತ್ತೆ, ಅಂದರೆ ನಮ್ಮಪ್ಪನ ಅಕ್ಕ, ಬದನವಾಳಿನ ತಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಎಡಗೈಯ ಮಣಿಕಟ್ಟು ಮುರಿದುಕೊಂಡರು. ನಂಜನಗೂಡಿನಲ್ಲಿ ಎಕ್ಸ್‌ರೇ ತೆಗೆಸಿ ನನಗೆ ಫೋನ್ ಮಾಡಿಸಿದರು. ನಾನು ನರಸೀಪುರದಲ್ಲಿ ಕಾಲೇಜು ಮೇಷ್ಟ್ರು. ಅಲ್ಲಿಗೇ ಕರೆಸಿಕೊಂಡೆ.

ನಮ್ಮ ಕಡೆ ಯಾರಿಗೆ ಕಾಯಿಲೆಯಾದರೂ ಡಾಕ್ಟರ ಹತ್ತಿರ ಮಾತಾಡುವವನು ಮನೆಯಲ್ಲಿ ಓದಿದವನು. ಕಾಯಿಲೆಯವರು ಸ್ಟೂಲಿನ ಮೇಲೆ ಕೂರುತ್ತಾರೆ. ಓದಿದವನು ಕುರ್ಚಿಯಲ್ಲಿ ಕೂತು ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಅವನು ಎಷ್ಟು ಹೊತ್ತು ಮಾತಾಡಿದರೆ ಮನೆಯವರಿಗೆ ಅಷ್ಟು ಹೆಮ್ಮೆ. ನಾನು ಆ ದಿನ ಬಹಳ ಹೊತ್ತು ಮಾತಾಡಿದೆ.

ಡಾಕ್ಟರು ಎರಡು ದಾರಿ ಹೇಳಿದರು. ಪ್ಲಾಸ್ಟರ್ ಹಾಕಿದರೆ ಮೂಳೆ ಕೂಡುತ್ತದೆ, ಆದರೆ ಸ್ವಲ್ಪ ಡೊಂಕಾಗಿ ಕೂಡಬಹುದು, ಕೈ ಪೂರ್ತಿ ತಿರುಗದೇ ಹೋಗಬಹುದು. ಆಪರೇಷನ್ ಮಾಡಿ ಪ್ಲೇಟ್ ಹಾಕಿದರೆ ನೆಟ್ಟಗೆ ಕೂಡುವ ಸಂಭವ ಹೆಚ್ಚು, ಆದರೆ ಅದಕ್ಕೆ ಅದರದೇ ಅಪಾಯಗಳಿವೆ. ಯಾವುದು ಸರಿ ಎಂಬುದು ಆ ಕೈಯಿಂದ ಆಗಬೇಕಾದ ಕೆಲಸದ ಮೇಲೆ ನಿಂತಿದೆ. “ಇವರು ಏನು ಕೆಲಸ ಮಾಡ್ತಾರೆ?” ಎಂದು ಕೇಳಿದರು.

“ಎಡಗೈ ತಾನೇ ಸಾರ್. ಇವರು ಬಲಗೈಯವರು. ಮನೇಲೇ ಇರ್ತಾರೆ” ಎಂದೆ.

ಇದು ಮಾತ್ರ ಅಕ್ಷರಶಃ ನೆನಪಿದೆ. ಅತ್ತೆ ಮನೆಯಲ್ಲಿರುವವರಲ್ಲ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗಿನಿಂದ ಅವರು ಊರಿನ ಖಾದಿ ಕೇಂದ್ರಕ್ಕೆ ನೂಲಲು ಹೋಗುತ್ತಾರೆ. ರಾಟೆ ತಿರುಗಿಸುವುದು ಬಲಗೈ. ಹತ್ತಿಯ ಹಂಜಿ ಹಿಡಿದು ಎಳೆ ತೆಗೆಯುವುದು ಎಡಗೈ. ಎಳೆ ದಪ್ಪವಾಗದ ಹಾಗೆ, ತುಂಡಾಗದ ಹಾಗೆ ನೋಡಿಕೊಳ್ಳುವ ಕಸುಬೆಲ್ಲ ಎಡಗೈಯದು. ರಜೆಯಲ್ಲಿ ಅವರ ಪಕ್ಕ ಕೂತು ನೂರು ಸಲ ನೋಡಿದ್ದೆ. ಡಾಕ್ಟರು ಕೇಳಿದಾಗ ಅದು ಒಂದು ಕೆಲಸ ಅಂತಲೇ ನನಗೆ ಹೊಳೆಯಲಿಲ್ಲ.

ಡಾಕ್ಟರು ಸದ್ಯಕ್ಕೆ ಕೈ ಅಲುಗದ ಹಾಗೆ ಅರ್ಧ ಪಟ್ಟಿ ಕಟ್ಟುತ್ತೇನೆಂದು ಬ್ಯಾಂಡೇಜ್ ತರಲು ನನ್ನನ್ನು ಮೆಡಿಕಲ್ ಸ್ಟೋರಿಗೆ ಕಳಿಸಿದರು. ನಾನು ವಾಪಸು ಬಂದಾಗ ಅವರು ಅತ್ತೆಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಏನು ಮಾತು ಎಂದು ನಾನು ಕೇಳಲಿಲ್ಲ. ‘ಮಂಗಳವಾರ’ ಎಂಬ ಪದವೊಂದು ಕಿವಿಗೆ ಬಿತ್ತು.

ಮಂಗಳವಾರ ನನಗೆ ಹನ್ನೊಂದಕ್ಕೆ ಕ್ಲಾಸಿತ್ತು. ತಡವಾಗಬಾರದೆಂದು ಬೆಳಗ್ಗೆಯೇ ಕ್ಲಿನಿಕ್ಕಿಗೆ ಫೋನ್ ಮಾಡಿ, ಪ್ಲಾಸ್ಟರಿಗೆ ಎಲ್ಲ ತಯಾರಿಟ್ಟಿರಿ ಎಂದು ಹೇಳಿದೆ. ವಯಸ್ಸಾದವರಿಗೆ ಆಪರೇಷನ್ನಿಂದ ಅಂಥ ವಿಶೇಷ ಲಾಭವಿಲ್ಲ ಎಂದು ಎಲ್ಲೋ ಓದಿದ್ದೆ. ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಕ್ಲಿನಿಕ್ಕಿಗೆ ಹೋದ ಕೂಡಲೇ ಡಾಕ್ಟರು, “ಏನಮ್ಮ, ಪ್ಲಾಸ್ಟರೇನಾ?” ಎಂದರು. ಪ್ಲಾಸ್ಟರಿಗೆಂದು ತಯಾರಿಟ್ಟಿದ್ದ ಬಟ್ಟಲನ್ನು ಅತ್ತೆ ನೋಡಿದರು, ನನ್ನನ್ನು ನೋಡಿದರು. “ಊಂ ಸಾ” ಎಂದರು. ಆ ‘ಊಂ’ ಎಂಬುದನ್ನು ನಾನು ಆಮೇಲೆ ಎಷ್ಟು ಸಲ ಸಾಕ್ಷಿಗೆ ಕರೆದಿದ್ದೇನೋ.

ಮೂಳೆ ಕೂಡಿತು. ಡೊಂಕಾಗಿಯೇ ಕೂಡಿತು. ಅಂಗೈ ಅರ್ಧ ತಿರುಗಿ ನಿಂತುಬಿಡುತ್ತದೆ.

ಕೆಲವು ತಿಂಗಳ ನಂತರ ಬದನವಾಳಿಗೆ ಹೋದೆ. ಅತ್ತೆ ರಾಟೆಯ ಮುಂದೆ ಕೂತಿದ್ದರು. ಎಳೆ ಒಂದು ಗೇಣು ಬರುವುದು, ತುಂಡಾಗುವುದು. ಪಕ್ಕದಲ್ಲಿ ನೂಲುತ್ತಿದ್ದ ಹೆಂಗಸು, “ನಿನ್ನ ಮೇಷ್ಟ್ರಳಿಯ ಬಂದವ್ನೆ, ಅವನ ಕೈಲೇ ಒಸಿ ಎಳೆ ತೆಗ್ಸಕ್ಕ” ಎಂದಳು.

“ಅವುನ್ ಕೈಗೆ ಸೀಮೆಸುಣ್ಣ ಬುಟ್ರೆ ಏನ್ ಗೊತ್ತು” ಎಂದರು ಅತ್ತೆ. ಆಮೇಲೆ ನನಗೆ, “ಬಲಗೈ ಬಾ ಅಂತದೆ, ಎಡಗೈ ಒಲ್ಲೆ ಅಂತದೆ. ಗಂಡ ಎಂಡ್ತಿ ಇದ್ದಂಗದೆ ಕಣಪ್ಪ” ಎಂದು ನಕ್ಕರು.

ನನಗೆ ನಗಲಾಗಲಿಲ್ಲ. ಆಪರೇಷನ್ ಮಾಡಿಸಬೇಕಿತ್ತೇನೋ ಅತ್ತೆ, ಎಂದೆ.

“ನಾನು ಅದ್ನೇ ಏಳುವಾ ಅಂತ ಬಂದಿದ್ದೆ. ಡಾಕ್ಟ್ರು ನನ್ನ ಕೇಳಿದ್ರಲ್ಲ, ಯೋಚ್ನೆ ಮಾಡಿ ಮಂಗ್ಳಾರ ನೀನೇ ಏಳಮ್ಮ ಅಂತ. ಮೂರು ದಿಸ ಯೋಚ್ನೆ ಮಾಡಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನು ಮುಂದಾಗಿ ಏಳ್ಬುಟ್ಟಿದ್ದೆ. ನಾಕ್ ಜನದ ಮುಂದೆ ಓದ್ದೋನ ಮಾತ ತೆಗ್ದಾಕಾದಾ?”

ಡಾಕ್ಟರು ಹಾಗೆ ಹೇಳಿರಲಾರರು, ಪ್ಲಾಸ್ಟರಿಗೇ ಬನ್ನಿ ಅಂದಿದ್ದು ಎಂದು ನಾನು ವಾದಿಸಿದೆ. ಅವರ ಕೈ ಕಣ್ಣೆದುರಿಗೇ ಇದ್ದಾಗಲೂ ವಾದಿಸಿದೆ. ಅತ್ತೆ, “ಓಗ್ಲಿ ಬುಡು, ನಂಗೇ ಮರ್ತೋಗಿರ್ಬೈದು” ಎಂದು ತುಂಡಾದ ಎಳೆ ಜೋಡಿಸತೊಡಗಿದರು. ಅವರು ಸೋತುಕೊಟ್ಟದ್ದು ಇದು ಎರಡನೇ ಸಲ.

ಆಪರೇಷನ್ನಾಗಿದ್ದರೆ ಕೈ ಸರಿಹೋಗುತ್ತಿತ್ತೇ ಎಂಬುದನ್ನು ಈಗ ಯಾರೂ ಹೇಳಲಾರರು. ನಾನು ಎಷ್ಟೋ ದಿನ ಅದರ ಹಿಂದೆಯೇ ಅಡಗಿಕೊಂಡಿದ್ದೆ. ಆದರೆ ಡಾಕ್ಟರು ಅತ್ತೆಯನ್ನು ಕೇಳಿದ್ದರೇ ಇಲ್ಲವೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಎಲ್ಲಾದರೂ ಇರಲೇಬೇಕಿತ್ತು.

ಕಳೆದ ತಿಂಗಳು ಅತ್ತೆಯ ಟ್ರಂಕಿನಿಂದ, ಆ ಶನಿವಾರ ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ತೆಗೆಸಿ ಓದಿದೆ. ಔಷಧಿಗಳ ಕೆಳಗೆ ಡಾಕ್ಟರ ಇಂಗ್ಲಿಷ್ ಬರಹದಲ್ಲಿ ಎರಡು ಸಾಲಿತ್ತು: ಎರಡೂ ದಾರಿ ರೋಗಿಗೆ ತಿಳಿಸಿದೆ, ಮಂಗಳವಾರ ಅವರೇ ನಿರ್ಧಾರ ಹೇಳುತ್ತಾರೆ.