ಎರಡು ಚೌಕಿಗಳ ನಡುವೆ ನಮ್ಮ ಅಕ್ಕನ ಚಕ್ಕಡಿ

ಗಂಡ ತೀರಿಕೊಂಡ ಮೇಲೆ ನಮ್ಮ ಅಕ್ಕ ಲಕ್ಕಲಕಟ್ಟಿಯಲ್ಲಿ ತಾನೇ ನಿಂತು ಹೊಲ ಮಾಡಿಸುತ್ತಿದ್ದಳು. ನಾನು ಗಜೇಂದ್ರಗಡದಲ್ಲಿ ಸೀರೆ, ಕುಬಸದ ಖಣ ಮಾರುವ ಅಂಗಡಿ ಇಟ್ಟಿದ್ದೆ. ನಮ್ಮಿಬ್ಬರಿಗೂ ಸಣ್ಣವಳಾದ ತಂಗಿಯನ್ನು ಮೊಗಲಾಯಿಗೆ ಕೊಟ್ಟಿದ್ದೆವು. ಮೊಗಲಾಯಿ ಎಂದರೆ ದೂರದ ದೇಶವೇನಲ್ಲ. ಬೆಳಗ್ಗೆ ಎತ್ತು ಹೂಡಿದರೆ ಹೊತ್ತು ಮುಳುಗುವುದರೊಳಗೆ ಅವಳ ಅಂಗಳದಲ್ಲಿ ಇಳಿಯಬಹುದಿತ್ತು. ಆದರೆ ಅದು ಹೈದರಾಬಾದಿನ ಸೀಮೆ. ಆಗ ನಮ್ಮ ಕಡೆ ಎಲ್ಲ ಹಾಗೇ ಇತ್ತು. ರೋಣದಲ್ಲಿ ಕಂಪನಿ ಸರಕಾರ, ನರಗುಂದದಲ್ಲಿ ಸಂಸ್ಥಾನ, ಗಜೇಂದ್ರಗಡದಲ್ಲಿ ಜಹಗೀರು, ಹಳ್ಳ ದಾಟಿದರೆ ಮೊಗಲಾಯಿ. ಎಮ್ಮೆ ಹಗ್ಗ ಹರಿದುಕೊಂಡು ಓಡಿದರೆ, ಅದನ್ನು ಹುಡುಕುತ್ತ ಹೋದವನು ಮಧ್ಯಾಹ್ನದೊಳಗೆ ಎರಡು ಸರಕಾರಗಳಿಗೆ ಕೈಮುಗಿಯಬೇಕಾಗುತ್ತಿತ್ತು.

ತಂಗಿ ಹೆಣ್ಣು ಹಡೆದಳು ಎಂದು ಸುದ್ದಿ ಬಂತು. ತೊಟ್ಟಿಲ ಕಾರ್ಯಕ್ಕೆ ಹೋಗಬೇಕು. ಅತ್ತ ಹೋಗುವವರು ಹಳ್ಳದವರೆಗೆ ನಡೆದುಹೋಗಿ, ಆಚೆ ದಂಡೆಯಲ್ಲಿ ಬೀಗರ ಬಂಡಿ ಹತ್ತುವುದು ರೂಢಿ. ಅಕ್ಕ ಅದಕ್ಕೆ ಒಪ್ಪಲಿಲ್ಲ.

"ಕಮಾನು ಕಟ್ಟಿದ ಚಕ್ಕಡಿ ಮನ್ಯಾಗ ಇಟಗೊಂಡು ನಾ ಯಾಕ ಮಂದಿ ಬಂಡಿಗೆ ದಾರಿ ಕಾಯಲಿ?" ಎಂದಳು.

ಹಾಗಾಗಿ ಅಕ್ಕ ಒಳಗೆ ಕೂತಳು, ನಾನು ಹೊಡೆಯಲು ಕೂತೆ. ಹಳ್ಳದ ಈಚೆ ದಂಡೆಯಲ್ಲಿ ಒಂದು ಚೌಕಿ ಇತ್ತು. ಮಣ್ಣಿನ ಗೋಡೆಯ ಒಂದು ಕೋಣೆ, ದಾರಿಗೆ ಅಡ್ಡ ಒಂದು ಬಿದಿರು, ಚಾಪೆಯ ಮೇಲೆ ಒಬ್ಬ ಕಾರಕೂನ, ಬಾಗಿಲಲ್ಲಿ ಒಬ್ಬ ಶಿಪಾಯಿ. ಅದು ಯಾವ ಸರಕಾರದ ಚೌಕಿ ಎಂಬುದು ನನಗೆ ಅಂದೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಕೇಳಿದವರಿಗೆ ಶಿಪಾಯಿ "ಸರಕಾರದ್ದು" ಎಂದಷ್ಟೇ ಹೇಳುತ್ತಿದ್ದ.

ಕಾರಕೂನ ಹೊಸಬ, ಬಡಕಲು ಮನುಷ್ಯ. ಹಲ್ಲು ನೋವಿಗೆ ಗಲ್ಲಕ್ಕೆ ವಸ್ತ್ರ ಕಟ್ಟಿಕೊಂಡಿದ್ದ. ಬಿದಿರಿನ ಹತ್ತಿರ ಬಂದು ಚಕ್ಕಡಿಯನ್ನು ನೋಡಿದ, ನಮ್ಮನ್ನು ನೋಡಲಿಲ್ಲ.

"ಚಕ್ಕಡಿ ಮಾರಾಕ ಒಯ್ಯಾಕತ್ತೀರೇನು?"

"ಇಲ್ರಿ ರಾಯರ, ತಂಗಿ ಮನಿಗೆ ತೊಟ್ಟಿಲ ಕಾರ್ಯಕ್ಕ ಹೊಂಟೀವಿ," ಎಂದಳು ಅಕ್ಕ.

"ಆತು. ತಿರುಗಿ ಬರ್ತೈತಿ ಅನ್ನೂದಕ್ಕ ದಾಖಲಿ?"

"ನಾವು ತಿರುಗಿ ಬರ್ತೀವಲ್ರಿ."

"ನೀವು ಬರ್ರಿ, ಬಿಡ್ರಿ. ನಿಮ್ಮನ್ನ ಯಾರೂ ಕೇಳಂಗಿಲ್ಲ. ಮಾತು ಚಕ್ಕಡೀದು."

ಮಾರಲು ಒಯ್ದರೆ ಸುಂಕ. ಒಯ್ದು ತಿರುಗಿ ತರುವುದಾದರೆ ಸುಂಕವಿಲ್ಲ, ಆದರೆ ರಹದಾರಿ ಬೇಕು. ಹೋದ ಚಕ್ಕಡಿಯೇ ಗೊತ್ತುಮಾಡಿದ ಅವಧಿಯೊಳಗೆ ಬಂತೆಂದು ಆ ರಹದಾರಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಚಕ್ಕಡಿಗೆಂದೇ ಬೇರೆ ಮಾದರಿ ಅವನ ಹತ್ತಿರ ಇರಲಿಲ್ಲ. ಮನುಷ್ಯರಿಗೆ ಬರೆದುಕೊಡುವ ಮಾದರಿಯನ್ನೇ ಮುಂದಿಟ್ಟುಕೊಂಡು ಶುರು ಮಾಡಿದ.

"ವಯಸ್ಸು?"

"ನಂದೇನ್ರಿ?"

"ಚಕ್ಕಡೀದು."

"ನನ್ನ ಲಗ್ನದಾಗ ಮಾಡಿಸಿದ್ದು."

"ಮೈಬಣ್ಣ?"

ಅಕ್ಕ ನನ್ನ ಮುಖ ನೋಡಿದಳು. ನಾನು "ಕಟಗೀ ಬಣ್ಣ ಅಂತ ಬರಕೊಳ್ರಿ" ಎಂದೆ. ಮೈಮೇಲಿನ ಗುರುತು ಏನು ಎಂದು ಕೇಳಿದಾಗ, ನೊಗ ಕಟ್ಟುವ ಮೂಕಿಯ ಮೇಲೆ ಎಂದೋ ಕೊಳ್ಳಿ ತಾಗಿ ಸುಟ್ಟಿದ್ದ ಕಲೆಯನ್ನು ತೋರಿಸಿದೆವು. ಅವನಿಗೆ ಭಾಳ ಸಮಾಧಾನವಾಯಿತು. ಗಾಲಿ ಎರಡು ಎಂದು ಬರೆದ. ಒಂದು ಎತ್ತು ಬಿಳೇದು, ಇನ್ನೊಂದು ಕಿವಿ ಹರಿದದ್ದು ಎಂದು ಬರೆದ. ಹೊರಡುವಾಗ ಅಕ್ಕ ಗಂಟಿನಿಂದ ಎರಡು ಲವಂಗ ತೆಗೆದು, ನೋಯುವ ಹಲ್ಲಿನಲ್ಲಿ ಇಟ್ಟುಕೊಳ್ಳಲು ಕೊಟ್ಟಳು.

ಹಳ್ಳದ ಆಚೆ ದಂಡೆಯಲ್ಲಿ ಇನ್ನೊಂದು ಚೌಕಿ. ಅಲ್ಲಿದ್ದವರು ಗಡ್ಡಕ್ಕೆ ಮದರಂಗಿ ಹಚ್ಚಿದ ವಯಸ್ಸಾದ ಮುನ್ಶಿ. ನಮ್ಮ ಕಾಗದ ಅವರಿಗೆ ಓದಲು ಬರುತ್ತಿರಲಿಲ್ಲ, ಅವರ ಪಾರಸಿ ನಮಗೆ ಬರುತ್ತಿರಲಿಲ್ಲ. ನಾವು ಹೇಳಿದ್ದನ್ನು ಕೇಳಿ ಅವರೂ ಒಂದು ಕಾಗದ ಬರೆದರು.

"ಈಗ ಬಂತು ಅಂತ ಬರದೀನಿ ಬಾಯಾರ. ಹೋಗೂಮುಂದ ಹೋತು ಅಂತ ಬರೀತೀನಿ," ಎಂದರು. ಇದರಲ್ಲಿ ತೊಡಕೇನೂ ನಮಗೆ ಕಾಣಲಿಲ್ಲ.

ತೊಟ್ಟಿಲ ಕಾರ್ಯ ಚಲೋ ಆಯಿತು. ತಂಗಿಯ ಅತ್ತೆ ಹೇಳಿದ ಹೆಸರನ್ನು ಬಿಟ್ಟು ಅಕ್ಕ ಕೂಸಿನ ಕಿವಿಯಲ್ಲಿ ಬೇರೆ ಹೆಸರು ಊದಿದಳೆಂದು ಸಣ್ಣ ಜಗಳವೂ ಆಯಿತು. ಹೊರಡುವ ದಿನ ಊರ ಅಗಸಿ ಬಾಗಿಲು ದಾಟುವಾಗ ಎಡಗಾಲಿ ಕಲ್ಲಿಗೆ ಬಡಿದು ಎರಡು ಹೋಳಾಯಿತು. ತಂಗಿಯ ಗಂಡ ತನ್ನ ಬಂಡಿಯ ಒಂದು ಗಾಲಿ ಬಿಚ್ಚಿ ಹಾಕಿಕೊಟ್ಟ. ಅದು ತುಸು ದೊಡ್ಡದಾದ್ದರಿಂದ ಚಕ್ಕಡಿ ಬಲಕ್ಕೆ ವಾಲಿತು. ದಾರಿಯುದ್ದಕ್ಕೂ ಅಕ್ಕ ಕಮಾನಿನ ಎಡಗಡೆಯ ಬಿದಿರು ಹಿಡಿದು ಕೂತಿದ್ದಳು. ಮುರಿದ ಗಾಲಿಯನ್ನು ಅವಳು ಬಿಟ್ಟುಬರಲಿಲ್ಲ. ರಾಜೂರಿನ ಬಡಿಗ ಮಾಡಿದ್ದು, ಅವನೇ ಜೋಡಿಸಿ ಕೊಡುತ್ತಾನೆ ಎಂದು ಹಿಂದೆ ಕಟ್ಟಿಸಿದಳು.

ಮುನ್ಶಿ "ಹೋತು" ಎಂದು ಬರೆದು ಸಲಾಂ ಮಾಡಿದರು. ಹಳ್ಳದಲ್ಲಿ ಆಗ ಪಾದ ಮುಳುಗುವಷ್ಟೇ ನೀರು. ದಾಟಿ ಈಚೆ ದಂಡೆಗೆ ಬಂದೆವು. ಕಾರಕೂನನ ಹಲ್ಲು ನೋವು ಇಳಿದಿತ್ತು. ನಗುತ್ತಲೇ ರಹದಾರಿ ಬಿಚ್ಚಿ ಚಕ್ಕಡಿಯ ಸುತ್ತ ತಿರುಗಿದ. ಹಿಂದಕ್ಕೆ ಹೋದವನು ಅಲ್ಲೇ ನಿಂತುಬಿಟ್ಟ.

"ಅವ್ವಾರ, ಎರಡು ಗಾಲಿ ಹೋಗಿದ್ದು. ಮೂರು ಬಂದಾವ."

ನಡೆದದ್ದನ್ನು ಅಕ್ಕ ಹೇಳಿದಳು. ಅವನು ಪೂರಾ ಕೇಳಿಸಿಕೊಂಡ.

"ಖರೇ ಇರಬಹುದು. ಆದ್ರ ಈ ಎಡಗಾಲಿ ಮೊಗಲಾಯಿದು. ಇದು ಒಳಗ ಬರಾಕ ದಾಖಲಿ ಇಲ್ಲ."

"ನಮ್ಮ ಗಾಲಿ ಹಿಂದ ಐತಲ್ರಿ."

"ಅದು ಚಕ್ಕಡಿಗೆ ಹತ್ತಿಲ್ಲ. ಅದನ್ನ ಹಾಕ್ಕೊಂಡು ಬರ್ರಿ, ಬಿಡ್ತೀನಿ."

"ಮುರದೈತ್ರಿ ರಾಯರ."

"ಮುರದೈತಿ ಅಂತ ಇದರಾಗ ಬರದಿಲ್ಲ."

ಸುಂಕ ಕೊಟ್ಟುಬಿಡೋಣ ಎಂದು ನಾನು ಮುಂದೆ ಬಂದೆ. ಒಂಟಿ ಗಾಲಿಗೆ ಸುಂಕ ಎಷ್ಟೆಂದು ಯಾರೂ ಗೊತ್ತುಮಾಡಿಲ್ಲ, ಜೋಡಿಗೆ ಮಾತ್ರ ಇದೆ ಎಂದ. ಹಾಗಾದರೆ ಜೋಡಿಯದೇ ತಗೊಳ್ಳಿ ಎಂದರೆ, ಎರಡನೆಯ ಗಾಲಿ ಎಲ್ಲಿ ಎಂದು ಕೇಳುತ್ತಾರೆ ಎಂದ.

ಚಕ್ಕಡಿ ತಿರುಗಿಸಿ ಮತ್ತೆ ಮುನ್ಶಿಯವರಲ್ಲಿಗೆ ಹೋದೆವು. ಬೀಗರ ಊರಿಗೆ ಹಿಂದಿರುಗಿ, ಅಲ್ಲೇ ಗಾಲಿ ಜೋಡಿಸಿಕೊಂಡು ಬರುವ ವಿಚಾರ ನನ್ನದು. ಮುನ್ಶಿ ಭಾಳ ಮರುಗಿದರು.

"ಬಾಯಾರ, ನಿಮ್ಮ ಚಕ್ಕಡಿ ಹೋಗೇತಿ ಅಂತ ನಾನ ಬರದೀನಿ. ಮತ್ತ ಒಳಗ ಬರಬೇಕಂದ್ರ ಆ ಕಡಿ ಹೊಸಾ ರಹದಾರಿ ತರ್ರಿ."

ಆ ಕಡೆಗೆ ಹೋದರೆ ಕಾರಕೂನ, ಇನ್ನೂ ಬಾರದ ಚಕ್ಕಡಿಗೆ ಹೋಗಲು ಹೊಸ ರಹದಾರಿ ಹೇಗೆ ಕೊಡಲಿ ಎಂದ.

ನನಗೆ ಸಿಟ್ಟು ನೆತ್ತಿಗೇರಿತ್ತು. ಅಕ್ಕ ಮಾತ್ರ ಚಕ್ಕಡಿಯನ್ನು ಹಳ್ಳದ ನಡುವಿನ ಉಸುಕಿನ ದಿಬ್ಬದ ಮೇಲೆ ನಿಲ್ಲಿಸಲು ಹೇಳಿದಳು. ಎತ್ತು ಬಿಚ್ಚಿಸಿ, ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಆ ದಿನ ಅಲ್ಲೇ ಉಳಿದೆವು, ಮರುದಿನವೂ ಉಳಿದೆವು. ಬೀಗರು ಕಟ್ಟಿಕೊಟ್ಟ ಜೋಳದ ಹಿಟ್ಟು, ಉಂಡಿ ಇದ್ದವು. ದಂಡೆಯ ಹೊಲದವರು ಪುಂಡಿ ಪಲ್ಯ ತಂದುಕೊಟ್ಟರು. ಅತ್ತಿತ್ತ ದಾಟುವವರು ನಿಂತು ಮಾತಾಡಿಸಿ ಹೋಗುತ್ತಿದ್ದರು. ಒಬ್ಬ ಮುದುಕಿ ನಮ್ಮನ್ನು ಹೊಸದಾಗಿ ಬಂದ ಇನ್ನೊಂದು ಚೌಕಿಯವರೆಂದು ತಿಳಿದು, ತನ್ನ ಮೆಣಸಿನಕಾಯಿ ಬುಟ್ಟಿ ಇಳಿಸಿ ತೋರಿಸಿದಳು. ಅಕ್ಕ ನೋಡಿ "ಚಲೋ ಅದಾವ, ಹೋಗ್ರಿ" ಎಂದಳು.

ಎರಡನೆಯ ದಿನ ಮಧ್ಯಾಹ್ನ ಕಾರಕೂನ ತಾನೇ ದಿಬ್ಬಕ್ಕೆ ಬಂದು ಕೂತ. ಮುಖ ಸಪ್ಪಗಿತ್ತು. ಅಕ್ಕ ರೊಟ್ಟಿ ಬಡಿಯುತ್ತಲೇ "ಮಕ್ಕಳೆಷ್ಟ್ರಿ ನಿಮಗ?" ಎಂದು ಕೇಳಿದಳು. ಅವನು ಹೇಳಿದ. ಆಮೇಲೆ ತಾನಾಗಿಯೇ ಬಾಯಿಬಿಟ್ಟ.

"ನನಗಿಂತ ಮೊದಲಿದ್ದಾಂವ ಒಂದು ಕುದುರಿ ಬಿಟ್ಟು ಕೆಲಸ ಕಳಕೊಂಡ್ರಿ. ಬಿಳೇ ಕುದುರಿ ಹೋಗಿತ್ತು, ಕಂದು ಕುದುರಿ ಬಂತು. ಮಳ್ಯಾಗ ರಾಡಿ ಹತ್ತೇತಿ ಅಂತ ಅಂವ ತಿಳಕೊಂಡ."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ನಾಲ್ವರೂ, ಅಂದರೆ ಕಾರಕೂನ, ಅವನ ಹಿಂದೆ ಬಂದಿದ್ದ ಶಿಪಾಯಿ, ಅಕ್ಕ ಮತ್ತು ನಾನು, ಚಕ್ಕಡಿಯನ್ನೇ ನೋಡುತ್ತ ಕೂತೆವು. ಅಷ್ಟರಲ್ಲಿ ಆಚೆ ಊರಿನ ದನಗಳು ಹಳ್ಳ ದಾಟಿ, ಬಿದಿರಿನ ಕೆಳಗೆ ನುಸುಳಿ ಈಚೆಗೆ ಮೇಯಲು ಹೋದವು.

"ಅವಕ್ಕ ರಹದಾರಿ ಬ್ಯಾಡೇನ್ರಿ?" ಎಂದಳು ಅಕ್ಕ.

"ಮೇಯೂ ದನಕ್ಕ ಇಲ್ರಿ."

"ಕಟಗಿ ಹೊರಿಗೆ?"

"ತಲಿ ಮ್ಯಾಲ ಹೊತ್ತದ್ದಕ್ಕೂ ಇಲ್ರಿ," ಎಂದ ಕಾರಕೂನ. ಹೇಳಿ ಮುಗಿಸುವಾಗ ಅವನ ದನಿ ಸಣ್ಣದಾಯಿತು.

ಅಕ್ಕ ಕೈಗೆ ಹತ್ತಿದ ಹಿಟ್ಟು ಕೊಡವಿದಳು. "ತಮ್ಮಾ, ಗಾಲಿ ಕೀಲಾ ತಗಿ."

ಚಕ್ಕಡಿಯನ್ನು ಪೂರಾ ಬಿಚ್ಚಿದೆವು. ಮೊದಲು ಎತ್ತುಗಳನ್ನು ಕೊರಳ ಗಂಟೆ ತೆಗೆದು ದನಗಳ ಹಿಂದೆ ಅಟ್ಟಿದೆವು. ಚಾಪೆ ಹೊದಿಸಿದ ಕಮಾನನ್ನು ನಾನು ತಲೆಯ ಮೇಲೆ ಕವುಚಿಕೊಂಡೆ. ಕಾಲಷ್ಟೇ ಕಾಣುತ್ತಿದ್ದವು, ನಡೆಯುವ ಗುಡಿಸಲಿನಂತೆ ಹೋದೆ ಎಂದು ಅಕ್ಕ ಆಮೇಲೆ ಹೇಳಿದಳು. ಶಿಪಾಯಿ ಒಂದು ಗಾಲಿಯನ್ನು ಉರುಳಿಸುತ್ತ ಹೊರಟಿದ್ದ. ಕಾರಕೂನ ಓಡಿಬಂದು ತಡೆದ.

"ಉರಳಸಬ್ಯಾಡೋ. ಉರುಳಿದ್ರ ಅದು ಬಂಡಿ ಆಗ್ತೈತಿ. ಹೊತಗೊಂಡು ಬಾ."

ಅವನು ಉಸಿರು ಬಿಡುತ್ತ ಹೊತ್ತ. ಆಚೆ ದಂಡೆಯಿಂದ ಮುನ್ಶಿ ಇದನ್ನೆಲ್ಲ ನೋಡುತ್ತಿದ್ದರು. ತಡೆಯಲಾರದೆ ಪಾಯಿಜಾಮ ಮೊಳಕಾಲಿಗೆ ಏರಿಸಿ ದಿಬ್ಬಕ್ಕೆ ಬಂದು, ನೊಗವನ್ನು ಹೆಗಲಿಗಿಟ್ಟು ಹೊರಟರು. ಈಚೆ ದಂಡೆ ಇನ್ನು ನಾಲ್ಕು ಮಾರು ಇರುವಾಗ ನೀರಿನಲ್ಲೇ ನಿಂತರು.

"ನನ್ನ ರಹದಾರಿ ಇಲ್ಲಲ್ಲಪಾ," ಎಂದು ಅಲ್ಲಿಂದಲೇ ನೊಗವನ್ನು ನನ್ನ ಕೈಗೆ ದಾಟಿಸಿದರು.

ಬಿದಿರಿನ ಈಚೆಗೆ ಒಂದು ಜಾಲಿ ಮರದ ಕೆಳಗೆ ಎಲ್ಲವನ್ನೂ ಮತ್ತೆ ಜೋಡಿಸಿದೆವು. ಅಷ್ಟು ಹೊತ್ತೂ ಕಾರಕೂನ ನಮಗೆ ಬೆನ್ನು ಮಾಡಿ ನಿಂತು, ಆಕಾಶದಲ್ಲಿ ಮೋಡವಿದೆಯೇ ಎಂದು ನೋಡುತ್ತಿದ್ದ. ಮೋಡ ಇರಲಿಲ್ಲ. ಎತ್ತು ಹೂಡಿದ ಮೇಲೆ ತಿರುಗಿ "ಯಾವೂರವರ್ರಿ ನೀವು?" ಎಂದು ಹೊಸಬರನ್ನು ಕೇಳುವಂತೆ ಕೇಳಿದ. "ಇಲ್ಲೇ ಲಕ್ಕಲಕಟ್ಟಿಯವರು," ಎಂದಳು ಅಕ್ಕ. "ಹೋಗಿ ಬರ್ರಿ ಅವ್ವಾರ," ಎಂದ.

ಮುಗಿಯಿತು ಎಂದುಕೊಂಡಿದ್ದೆವು. ಜೋಳದ ರಾಶಿ ಆದ ಮೇಲೆ ಒಂದು ದಿನ ಅದೇ ಶಿಪಾಯಿ ಅಕ್ಕನ ಮನೆಗೆ ಬಂದ. ನಾನೂ ಅಲ್ಲಿದ್ದೆ. ಅಂಗಳದಲ್ಲಿದ್ದ ಚಕ್ಕಡಿಯ ಮೂಕಿಯ ಮೇಲೆ ಕೂತು ಮಜ್ಜಿಗೆ ಕುಡಿದ. ಕುಡಿದು, ನಿಮ್ಮ ಚಕ್ಕಡಿ ಮೊಗಲಾಯಿಗೆ ಹೋದದ್ದು ಇನ್ನೂ ಬಂದಿಲ್ಲ, ಯಾಕೆಂದು ಕೇಳಿಕೊಂಡು ಬರಲು ಮೇಲಿನವರು ಹೇಳಿದ್ದಾರೆ ಎಂದ.

"ಈಗ ನೀ ಕುಂತದ್ದು ಯಾತರ ಮ್ಯಾಲಪಾ?"

"ಚಕ್ಕಡಿ ಮ್ಯಾಲರಿ. ನಾನ ಒಂದು ಗಾಲಿ ಹೊತ್ತೀನಿ. ಆದ್ರ ಬಂತು ಅಂತ ಎಲ್ಲೂ ಬರದಿಲ್ಲಲ್ರಿ."

ಅಕ್ಕನಿಗೆ ಅಂದು ಮೊದಲ ಸಲ ಅಂಜಿಕೆಯಾಯಿತು. ಕಂಡ ಕಂಡವರ ಮುಂದೆ ಚಕ್ಕಡಿ ಹೂಡಲು ಹಿಂಜರಿದಳು. ನಾನು ಚೌಕಿಗೆ ಹೋಗಿ ಕೇಳಿದೆ. ಕಾರಕೂನ ಆಗಲೇ ದಾರಿ ಹುಡುಕಿದ್ದ. ಯಜಮಾನಿಯ ತಂಗಿಗೆ ಜಡ್ಡು, ಆದಕಾರಣ ಚಕ್ಕಡಿ ಅಲ್ಲೇ ಇನ್ನಷ್ಟು ದಿನ ಇರಬೇಕು ಎಂದು ಬರೆದು ಮುದ್ದತ್ತು ಮುಂದೆ ಹಾಕಿದ್ದ. ಇದನ್ನು ಕೇಳಿ ಅಕ್ಕ ಕೆಂಡವಾದಳು. ಬಾಣಂತಿತನ ಕಳೆದು ಗಟ್ಟಿಯಾಗಿ ಓಡಾಡುವವಳಿಗೆ ಜಡ್ಡು ಅಂಟಿಸಬೇಡಿ ಎಂದು ಹೇಳಿಕಳಿಸಿದಳು. ಕಾರಕೂನ ಅದನ್ನು ಹೊಡೆದುಹಾಕಿ, ಎತ್ತಿನ ಕಾಲು ಉಳುಕಿದೆ ಎಂದು ಮಾಡಿದ. ಮುಂದೆ ಪ್ರತಿ ಸಲ ಅವಧಿ ಮುಗಿದಾಗಲೂ ಆ ಎತ್ತಿಗೆ ಏನಾದರೊಂದು ಆಗುತ್ತಿತ್ತು.

ಮೊಗಲಾಯಿಯಲ್ಲಿ ಇರುವ ಚಕ್ಕಡಿ ಮತ್ತೆ ಮೊಗಲಾಯಿಗೆ ಹೋಗುವ ಹಾಗಿರಲಿಲ್ಲ. ಆದ್ದರಿಂದ ಮುಂದಿನ ನಾಗರ ಪಂಚಮಿಗೆ ತಂಗಿಯೇ ತನ್ನ ಮನೆಯ ಬಂಡಿಯಲ್ಲಿ ಬಂದಳು. ಅವಳ ರಹದಾರಿಯನ್ನು ನಾನು ಬಿಚ್ಚಿ ನೋಡಿದೆ. ಈಚೆ ಚೌಕಿಯ ಅಕ್ಷರದಲ್ಲಿ "ಬಂಡಿ ಒಂದು, ಗಾಲಿ ಇದ್ದಷ್ಟು" ಎಂದಿತ್ತು.

ಮದುವೆಯಾದ ಮೇಲೆ ಅವಳು ಒಂದು ಹಬ್ಬಕ್ಕೂ ತವರಿಗೆ ಬಂದಿರಲಿಲ್ಲ, ಹೋಗುವವರು ನಾವೇ ಆಗಿದ್ದೆವು. ಅಕ್ಕ ಅವಳಿಗೆ ತಲೆಗೆ ಎಣ್ಣೆ ಹಚ್ಚಿ ಎರೆದಳು. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಹಬ್ಬದ ಜೋಳದ ಅಳ್ಳು ಹುರಿದದ್ದು ಸರಿಯಾಗಿದೆಯೋ ಹೊತ್ತಿದೆಯೋ ಎಂದು ಸಂಜೆಯವರೆಗೆ ವಾದ ಮಾಡಿದರು. ಕೂಸು ಅಂಬೆಗಾಲಿಟ್ಟು ಅಂಗಳದ ತುಂಬ ಓಡಾಡಿತು. ಅದನ್ನು ಅಕ್ಕ ತಾನಿಟ್ಟ ಹೆಸರಿನಿಂದ ಕರೆಯುತ್ತಿದ್ದಳು, ತಂಗಿ ಅತ್ತೆ ಇಟ್ಟ ಹೆಸರಿನಿಂದ ಕರೆಯುತ್ತಿದ್ದಳು. ಯಾರು ಕರೆದರೂ ಅದು ಹೋಗುತ್ತಿತ್ತು.