ಬೇಡಗದ ಚಿಟ್ಟೆಗಳಿಗೆ ವರ

ಮಿರಜಿನಲ್ಲಿ ಸ್ಪಿರಿಟ್ ವಾಸನೆ ಬಂದರೆ ಯಾರಿಗಾದರೂ ಆಸ್ಪತ್ರೆ ನೆನಪಾಗಬೇಕು, ಊರ ತುಂಬ ಆಸ್ಪತ್ರೆಗಳೇ. ಇವತ್ತು ನರ್ಸಮ್ಮ ಸೂಜಿ ಚುಚ್ಚುವ ಮೊದಲು ತೋಳನ್ನು ಹತ್ತಿಯಿಂದ ಒರೆಸಿದಾಗ ನನಗೆ ನೆನಪಾದದ್ದು ಬೇಡಗದ ಹುಲ್ಲುಗಾವಲು. ನನ್ನ ತಂಗಿ ಶಾಂತಾಳ ಕೊನೆಯ ಭಾನುವಾರ.

ಶಾಂತಾ ಚಿಟ್ಟೆಗಳ ಸಂಶೋಧನೆಯಲ್ಲಿ ಸಹಾಯಕಿಯಾಗಿದ್ದಳು. ಅಂದು ಹೊಲಿಗೆ ಮಷೀನು ಬಿಟ್ಟು ನಾನೂ ಅವಳ ಸ್ಕೂಟರಿನ ಹಿಂದೆ ಕುಳಿತು ಹೋಗಿದ್ದೆ. ಬಲೆ ಹೊರುವುದಷ್ಟೇ ನನ್ನ ಕೆಲಸ. ಬೀಸಿದರೆ ನನ್ನ ಸೆರಗೇ ಸಿಕ್ಕಿಬೀಳುತ್ತಿತ್ತು. ಅವಳು ಉಗುರಿನಷ್ಟಿದ್ದ ನೀಲಿ ಚಿಟ್ಟೆಯೊಂದನ್ನು ಹಿಡಿದಳು. ಚಿಮಟಾದಿಂದ ಒಂದೇ ಕಾಲು ತೆಗೆದು ಸ್ಪಿರಿಟ್ ತುಂಬಿದ ಸಣ್ಣ ಸೀಸೆಗೆ ಹಾಕಿ, ಚಿಟ್ಟೆಯನ್ನು ಹಾರಬಿಟ್ಟಳು. ಒಂದು ಕಾಲು ಹೋದರೂ ಅದು ಬದುಕುತ್ತದಂತೆ.

ಕುರಿ ಮೇಯಿಸುತ್ತಿದ್ದ ಬೀರಪ್ಪ ಕಾಕಾ ಕೋಲೂರಿ ನಿಂತರು. "ಏನವಾ, ಚಿಟ್ಟಿ ಕಾಲ ಮುರದ್ರ ಏನ ಬರ್ತೈತಿ?"

"ಕಾಕಾ, ಇಲ್ಲಿ ಉಳದಾವು ಭಾಳ ಕಡಿಮಿ. ತಮ್ಮತಮ್ಮಾಗ ಸಂಬಂಧ ಮಾಡಿ ಸೊರಗ್ಯಾವ. ಕವಲಾಪುರದ ಕಡಿಂದ ಗಂಡು ತರಬೇಕ್ರಿ. ಎರಡಕ್ಕೂ ಕೂಡತೈತೋ ಇಲ್ಲೋ ಅನ್ನೂದು ಈ ಕಾಲಿನ್ಯಾಗ ಗೊತ್ತಾಗ್ತೈತಿ."

"ಟಗರು ನಾವೂ ಬ್ಯಾರೆ ಹಿಂಡಿಂದ ತರ್ತೇವಿ, ಖರೆ. ಆದ್ರ ನಮ್ಮನ್ಯಾಗ ಮೂರು ತಲಿಯಿಂದ ಸ್ವಾದರಮಾವನ ಮಗಳನ್ನ ತರೂದು! ಬಾ, ನಂದೂ ಒಂದ ಕಾಲ ತಗೋ."

ಶಾಂತಾ ನಕ್ಕು ನಕ್ಕು ಹುಲ್ಲಿನ ಮೇಲೇ ಕುಳಿತುಬಿಟ್ಟಳು. "ಅಕ್ಕಾ, ದೊಡ್ಡ ಸೀಸೆ ತಾರವಾ!"

ಮರುದಿನ ಮ್ಹೈಸಾಳ ರಸ್ತೆಯಲ್ಲಿ ಕಬ್ಬಿನ ಟ್ರಾಲಿ ಅವಳ ಸ್ಕೂಟರಿಗೆ ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು.

ಆ ಭಾನುವಾರ ಅವಳು ತಂದಿಟ್ಟ ಕಾಲಿನ ಸೀಸೆಗಳು ನಮ್ಮ ಫ್ರಿಜ್ಜಿನಲ್ಲೇ ಉಳಿದವು. ಸಾಂಗ್ಲಿಯಿಂದ ಅವಳ ಜೊತೆ ಸಂಶೋಧನೆ ಮಾಡುತ್ತಿದ್ದವರು ಅವನ್ನು ಕೇಳಿಕೊಂಡು ಬಂದರು. ಅವಿಲ್ಲದೆ ಪರೀಕ್ಷೆಯಿಲ್ಲ; ಪರೀಕ್ಷೆಯಿಲ್ಲದೆ ಒಂದು ಕಡೆಯ ಚಿಟ್ಟೆಯನ್ನು ಇನ್ನೊಂದು ಕಡೆ ಬಿಡುವಂತಿಲ್ಲ. ಬೇಡಗದವು ಹೆಚ್ಚು ಕಾಲ ತಡೆಯುವಂತಿರಲಿಲ್ಲ. ಅವ್ವ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಳು. "ಅಕಿ ಇಟ್ಟದ್ದು ಇಟ್ಟಂಗ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ." ನನಗೂ ಕೊಡುವ ಮನಸ್ಸಿರಲಿಲ್ಲ, ನೋಡಿ. ಹಾಲು ತೆಗೆಯುವಾಗಲೆಲ್ಲ ಮುಚ್ಚಳದ ಮೇಲಿನ ಅವಳ ಅಕ್ಷರ ಕಾಣುತ್ತಿತ್ತು.

ಒಂದು ಮಧ್ಯಾಹ್ನ, ಸಾವಿನ ಸುದ್ದಿ ತಿಳಿದು, ಬೀರಪ್ಪ ಕಾಕಾ ಮಾತಾಡಿಸಲು ಬಂದರು. ಚಹಾ ಕುಡಿದು ಅವ್ವನನ್ನು ಕೇಳಿದರು: "ತಂಗೆವ್ವಾ, ನಿನ್ನ ಮಗಳು ಚಿಟ್ಟಿಗೆ ಗಂಡು ತರ್ತೀನಿ ಅಂದಿದ್ಲು. ಕೂಡಿ ಬಂತೇನ?"

ಅವ್ವ ಎದ್ದು ಫ್ರಿಜ್ಜು ತೆರೆದು, ಸೀಸೆಗಳನ್ನು ಸೆರಗಿನಿಂದ ಒರೆಸಿ ಒರೆಸಿ ಊಟದ ಡಬ್ಬಿಯಲ್ಲಿ ಜೋಡಿಸಿದಳು. "ನೀನ ಒಯ್ದು ಕೊಡು," ಎಂದಳು ನನಗೆ. "ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೋ."

ಎರಡೂ ಕಡೆಯವು ಒಂದೇ ಮೂಲದವು, ಕೂಡಿಸಬಹುದು ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಮಳೆ ಮುಗಿದ ಮೇಲೆ ಕವಲಾಪುರದ ಕಡೆಯ ಚಿಟ್ಟೆಗಳನ್ನು ಬೇಡಗದಲ್ಲಿ ಬಿಟ್ಟರು. ಈ ವರ್ಷ ಹೆಚ್ಚಿವೆ ಎನ್ನುತ್ತಾರೆ. ಅವ್ವನನ್ನೂ ಕರೆದೊಯ್ದಿದ್ದೆ. ಒಂದು ಚಿಟ್ಟೆ ಅವಳ ಮೊಣಕೈ ಮೇಲೆ ಕುಳಿತಾಗ ಉಸಿರು ಬಿಗಿಹಿಡಿದು, "ಎಷ್ಟ ಕಾಲ ಅದಾವ, ಎಣಸ," ಎಂದಳು.

"ಭಾಳ ನೋವಾತೇನ್ರಿ?" ನರ್ಸಮ್ಮ ಕೇಳಿದಳು. ಇಲ್ಲ ಎಂದು ತೋಳು ಒತ್ತಿ ಹಿಡಿದು ಹೊರಗೆ ಬಂದೆ. ಮುಂದಿನ ವಾರ ಬೇಡಗಕ್ಕೆ ಹೋಗಬೇಕು. ಸಾಂಗ್ಲಿಯವರು ಬಲೆ ಬೀಸುವುದನ್ನು ನನಗೂ ಕಲಿಸಿದ್ದಾರೆ. ಚಿಟ್ಟೆಗಳಿವೆ. ನನ್ನನ್ನು ಅಕ್ಕಾ ಎಂದು ಕರೆಯುವವರು ಯಾರೂ ಇಲ್ಲ.