ಹಾಲು ಕುಡಿದ ಪೀಸ್ ಲಿಲ್ಲಿ

ನಮ್ಮ ಗಿರಿಜಾ ದೊಡ್ಡಮ್ಮ ಮಹಾ ಶಿವಭಕ್ತೆ, ಅವರ ಭಕ್ತಿಗೆ ಒಲಿದೇ ದೇವರ ಮನೆಯ ಆ ಗಿಡ ಹಾಲು ಕುಡಿದು ಬೆಳೆಯುತ್ತಿತ್ತು ಎಂದು ನಂಜನಗೂಡಿನ ನಮ್ಮ ನೆಂಟರೆಲ್ಲ ಹೇಳುತ್ತಾರೆ. ದೊಡ್ಡಮ್ಮ ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಯ ಪಂಕ್ತಿಯಲ್ಲೂ ಪಾಯಸದ ಜೊತೆ ಇದನ್ನೇ ಬಡಿಸಿಕೊಂಡು ಉಂಡರು. ನನ್ನ ತಕರಾರು ಇರುವುದು ಇಲ್ಲೇ. ಯಾವ ಗಿಡವೂ ಹಾಲು ಕುಡಿಯುವುದಿಲ್ಲ. ದೊಡ್ಡಮ್ಮ ಅದಕ್ಕೆ ಕೈ ಮುಗಿದದ್ದನ್ನು ನಾನಂತೂ ಒಂದು ದಿನವೂ ಕಂಡಿಲ್ಲ. ಹೇಳಿಕೆಯಲ್ಲಿ ಪುರಾವೆ ಎಷ್ಟು, ಪ್ರೀತಿ ಎಷ್ಟು ಎಂದು ಕೇರಿ ನೋಡು ಅನ್ನುವುದು ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ ಮೊದಲ ಪಾಠ. ಕೇರಿ ನೋಡೋಣ.

ಅದು ಪೀಸ್ ಲಿಲ್ಲಿ. ಬಿಸಿಲೇ ಬೀಳದ ಅವರ ನಡುಮನೆಯಲ್ಲಿ ಬೇರೆ ಯಾವ ಗಿಡವೂ ಬದುಕುತ್ತಿರಲಿಲ್ಲ. ಟಿ. ನರಸೀಪುರದ ನಮ್ಮ ಮನೆಗೆ ಬಂದಿದ್ದಾಗ ಇಲ್ಲಿನ ನರ್ಸರಿಯಲ್ಲಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದರು. ನಲ್ಲಿ ನೀರನ್ನು ಬಕೆಟ್ಟಿಗೆ ಹಿಡಿದಿಟ್ಟು, ಔಷಧಿ ವಾಸನೆ ಹೋದ ಮೇಲೆಯೇ ಹಾಕುತ್ತಿದ್ದರು. ಹಳೆಯ ಬನಿಯನ್ ಒದ್ದೆ ಮಾಡಿ ಒಂದೊಂದೇ ಎಲೆ ಒರೆಸುತ್ತಿದ್ದರು. ದಿನಕ್ಕೆ ಅಷ್ಟು ಹೊತ್ತು ಮಾತ್ರ ಅವರ ಬಾಯಿಗೆ ಬಿಡುವು.

"ಗಿಡ ಒಸಿ ತಲೆ ಬಗ್ಸೋಗಂಟ ನೀರು ಉಯ್ಬಾರ್ದು, ಜನ ಕೇಳೋಗಂಟ ಬುದ್ಧಿ ಹೇಳ್ಬಾರ್ದು. ಎರಡ್ರಲ್ಲೂ ಬೇರು ಕೊಳೀತದೆ" ಅನ್ನುತ್ತಿದ್ದರು. ಎರಡನೆಯದನ್ನು ಸ್ವತಃ ಎಂದೂ ಪಾಲಿಸಲಿಲ್ಲ. ನಾನು ಬಹುಮಾನ ತಂದು ತೋರಿಸಿದಾಗ, "ನೀನು ಕ್ರೋಟನ್ ಗಿಡ ಕಣೇ, ಬಿಸಿಲಿದ್ರೇ ಬಣ್ಣ. ಕೇಳೋರು ಇಲ್ದಾಗ ಹೆಂಗೆ ಮಾತಾಡ್ತೀಯ, ಅದ ತೋರ್ಸು" ಎಂದಿದ್ದರು.

ಮೊದಲ ಹೂ ಬಿಟ್ಟ ದಿನವೇ ಎಡವಟ್ಟು ಶುರುವಾಯಿತು. ಬಿಳಿಯ ಹೆಡೆ, ಅದರ ಮುಂದೆ ನೆಟ್ಟಗೆ ನಿಂತ ಪುಟ್ಟ ದಿಂಡು. ತಮ್ಮ ರಾಗಿ ಮಿಲ್ಲಿನಿಂದ ಹುಬ್ಬಿನಲ್ಲೂ ಹಿಟ್ಟು ಹೊತ್ತು ಬಂದ ಮಹದೇವಪ್ಪ ದೊಡ್ಡಪ್ಪ ಬಾಗಿಲಲ್ಲೇ ನಿಂತುಬಿಟ್ಟರು.

"ಲಿಂಗ! ನಾಗಪ್ಪ ಹೆಡೆ ಬಿಚ್ಚವ್ನೆ, ಒಳಗೆ ಲಿಂಗ!"

"ಅದು ಹೂವೂ ಅಲ್ಲ ಕಣ್ರೀ, ಎಲೆ. ಎಲೆನೇ ಬೆಳ್ಳಗಾಗಿರೋದು" ಎಂದರು ದೊಡ್ಡಮ್ಮ.

"ನಿನ್ ಬಾಯಿಗೆ ಈಬೂತಿ ಬಡಿಯ!"

ಕುಂಡ ದೇವರ ಮನೆ ಸೇರಿತು. ದಿನಾ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ದೊಡ್ಡಪ್ಪ ಅದರ ಬುಡಕ್ಕೆ ಲೋಟ ಹಾಲು ಸುರಿಯತೊಡಗಿದರು. ಮಣ್ಣು ಹುಳಿ ನಾತ ಹೊಡೆಯಿತು, ಸಣ್ಣ ಹುಳ ಎದ್ದವು, ಬೇರು ಕೊಳೆತು ಗಿಡ ಮಲಗಿತು. ಎದೆನೋವಿನಿಂದ ಆಗಷ್ಟೇ ಎದ್ದಿದ್ದ ದೊಡ್ಡಪ್ಪ ಮಿಲ್ಲಿಗೆ ಬೀಗ ಹಾಕಿ, ಊಟ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿದರು. "ಶಿವ ನಮ್ಮನೆ ಬುಟ್ಟೋದ ಗಿರಿಜಾ. ಇನ್ನ ನಂದೂ ಅಷ್ಟೇಯ."

ಮರುದಿನ ಅದೇ ಕುಂಡದಲ್ಲಿ ಗಿಡ ಹಸಿರಾಗಿ ನಿಂತಿತ್ತು. ದೊಡ್ಡಪ್ಪ ಎದ್ದು ಉಪ್ಪಿಟ್ಟು ತಿಂದರು. ಊರಿಗೆ ಪವಾಡ ಸಿಕ್ಕಿತು.

ಆ ಪವಾಡದ ಗುಟ್ಟನ್ನು ನಾನು ರಜೆಗೆ ಹೋದಾಗ ಕಣ್ಣಾರೆ ಕಂಡೆ. ದೊಡ್ಡಪ್ಪ ಅತ್ತ ಮಿಲ್ಲಿಗೆ ಹೋಗುತ್ತಲೇ ದೊಡ್ಡಮ್ಮ ದೇವರ ಮನೆಯ ಗಿಡವನ್ನು ಹಿತ್ತಲಿಗೆ ತಂದು, ಬೇರು ತೊಳೆದು, ಹೊಸ ಮಣ್ಣಿಗೆ ಹಾಕಿದರು. ಬಚ್ಚಲ ಗೋಡೆಯ ನೆರಳಲ್ಲಿ ತಾವೇ ಬುಡ ಬಿಡಿಸಿ ಬೆಳೆಸಿದ್ದ ಮರಿಗಳಲ್ಲೊಂದನ್ನು ದೇವರ ಕುಂಡಕ್ಕೆ ಕೂರಿಸಿದರು. ಗಿಡಗಳಿಗೂ ಶಿಫ್ಟ್ ಡ್ಯೂಟಿ!

"ದೊಡ್ಡಮ್ಮ, ಇದು ಮೋಸ."

"ಯಾವುದೇ ಮೋಸ? ಅವ್ರು ಹಾಲು ಉಯ್ಯೋದು ಬುಡಲ್ಲ, ನಾನು ಗಿಡ ಸಾಯಕ್ಕೆ ಬುಡಲ್ಲ. ಅಲ್ಲಿಗೆ ಸರಿಹೋಯ್ತು."

"ನಿಜ ಹೇಳಿದ್ರೆ ವಾದ ನೀವೇ ಗೆಲ್ತೀರಲ್ಲ?"

"ಗೆದ್ದು? ಯಾರ್ ಜೊತೆ ಕೂತು ಉಣ್ಣಲಿ?"

ಬೇರು ತೊಳೆದ ನೀರನ್ನು ನಾನೇ ಕರಿಬೇವಿನ ಬುಡಕ್ಕೆ ಸುರಿದೆ.

ಈ ವರ್ಷ ಜ್ವರ ಎಂದು ಮಲಗಿದ ದೊಡ್ಡಮ್ಮ ಮತ್ತೆ ಏಳಲೇ ಇಲ್ಲ. ಆರಾಧನೆ ಮುಗಿಸಿ ನರಸೀಪುರಕ್ಕೆ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಲ್ಲಿ ಹಾಲು ಬೀಳುತ್ತಲೇ ಇದೆ, ಬೇರು ತೊಳೆಯುವ ಕೈ ಇಲ್ಲ. ಗಿಡ ಮಲಗಿದರೆ ದೊಡ್ಡಪ್ಪ ಮತ್ತೆ ಗೋಡೆ ಕಡೆ ತಿರುಗುತ್ತಾರೆ. ಈ ಸಲ ಎಬ್ಬಿಸುವವರು ಯಾರು? ನಿಜ ಹೇಳಿಬಿಡಲೇ? ಹೇಳಿ, ದೊಡ್ಡಮ್ಮನ ಮೇಲೆ ಅವರಿಗಿರುವ ನಂಬಿಕೆಯನ್ನೂ ಕೀಳಲೇ? ಕೆಲವು ವಾರ ಹೀಗೇ ಒದ್ದಾಡಿ, ಕೊನೆಗೆ ದೊಡ್ಡಮ್ಮನೇ ಹಿಂದೆ ನಮಗೆ ಕೊಟ್ಟಿದ್ದ ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಕಿಟಕಿಯಿಂದ ಬಿಸಿಲು ಬಿತ್ತೆಂದು ಸೀಟು ಬದಲಿಸಿದೆ. ಒಂದು ಸ್ಟಾಪಿನಲ್ಲಿ ನಿಜದ ಪರ, ಇನ್ನೊಂದರಲ್ಲಿ ವಿರುದ್ಧ. ಯಾವ ಪಕ್ಷದಲ್ಲೂ ನೆಟ್ಟಗೆ ನಿಲ್ಲದೆ ನಂಜನಗೂಡು ತಲುಪಿದೆ.

ದೇವರ ಮನೆಯಲ್ಲಿ ಗಿಡ ಹಸಿರಾಗಿತ್ತು. ಹೊಸದೊಂದು ಹೂ ಬೇರೆ. ಒಂದು ಕ್ಷಣ ನನ್ನ ತರ್ಕಕ್ಕೂ ಬೆವರು ಬಂತು.

ಹಿತ್ತಲಿಗೆ ಓಡಿದೆ. ಕರಿಬೇವಿನ ಬುಡದಲ್ಲಿ ಹುಳಿ ನಾತದ ಮಣ್ಣಿನ ಗುಪ್ಪೆ. ತಂತಿಯ ಮೇಲೆ ಒದ್ದೆ ಬನಿಯನ್. ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರು. ಹಿಂದೆಯೇ ಬಂದ ದೊಡ್ಡಪ್ಪ ನನ್ನ ಕೈಯ ಕುಂಡ ಇಸಿದುಕೊಂಡರು. ಅವರ ಉಗುರು ಸಂದಿಯಲ್ಲಿ ಹಿಟ್ಟಿನ ಬದಲು ಮಣ್ಣು.

"ಬಿಸಿಲಲ್ಲಿ ನಿಲ್ಬ್ಯಾಡ ಮಗಾ, ಎಲೆ ತುದಿ ಸುಟ್ಟೋಯ್ತದೆ" ಎಂದು, ಬಚ್ಚಲ ಗೋಡೆಯ ನೆರಳಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಇನ್ನೊಂದು ಗಿಡದ ಪಕ್ಕ ಅದನ್ನು ಇಟ್ಟರು.

"ದೊಡ್ಡಪ್ಪ, ದೊಡ್ಡಮ್ಮ ಗಿಡ ಬದಲಾಯಿಸ್ತಿದ್ದದ್ದು ನಿಮಗೆ ಮೊದಲಿಂದ್ಲೂ ಗೊತ್ತಿತ್ತಾ?"

"ಕಾಪಿ ಕುಡೀತೀಯ?" ಎಂದು ಅವರು ಒಳಗೆ ನಡೆದರು. ಹಾಲಿನ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವರ ಬೆನ್ನಿಗೇ ಕೇಳಿದೆ:

"ಗೊತ್ತಿದ್ದೂ ಇಷ್ಟು ವರ್ಷ ಹಾಲು ಉಯ್ದದ್ದು ಯಾರಿಗೆ, ದೊಡ್ಡಪ್ಪ?"